ಉಸಿರು ಬಿಡಿ ಅಂದವಳು

"ಆ ಅಕ್ಕ ಉಸಿರು ಎಳ್ಕೊಳ್ಳಿ ಅಂತಾರೆ ಸರ್, ಎಳ್ಕೊಂಡೆ. ಬಿಡಿ ಅಂತಾನೂ ಅಂದ್ರು. ಆದ್ರೆ ಇನ್ನೂ ಏನೋ ಹೇಳ್ತಾರೇನೋ ಅಂತ ನಾನು ಹಿಡ್ಕೊಂಡೇ ಕೂತೆ. ಕಣ್ಣು ಮೇಲಕ್ಕೆ ಹೋಯ್ತು!"

ಕೆಮಿಸ್ಟ್ರಿ ಲ್ಯಾಬಿನ ತುಂಬ ನಗು ಸಿಡಿಯಿತು.

ಹೇಳಿದವನು ಹತ್ತನೇ ತರಗತಿಯ ಹುಡುಗ. ಅವನ ಫೋನು ಯಾವಾಗ ನೋಡಿದರೂ ಕೊನೆಯುಸಿರು ಎಳೆಯುತ್ತಿರುತ್ತಿದ್ದರಿಂದ ಶಾಲೆಯೆಲ್ಲ ಅವನನ್ನು ಬ್ಯಾಟರಿ ಅಂತಲೇ ಕರೆಯುತ್ತಿತ್ತು.

ಪರೀಕ್ಷೆ ಹತ್ತಿರ ಬಂದಿತ್ತು. ಮಕ್ಕಳ ಟೆನ್ಷನ್ ಕಡಿಮೆ ಮಾಡಲು ಅಂತ ಒಂದು ಚಿಕ್ಕ ಕಂಪನಿ, ಉಸಿರಾಡುವುದನ್ನು ಹೇಳಿಕೊಡುವ ಮೊಬೈಲ್ ಆ್ಯಪ್ ಮಾಡಿ, ಬಳಸಿ ನೋಡಲಿ ಅಂತ ಈ ಶಾಲೆಗೆ ಕೊಟ್ಟಿತ್ತು. ತಿಂಗಳಾಯಿತು. ಈಗ ಅನುಭವ ಹೇಳಿ ಅಂತ ಮಕ್ಕಳನ್ನು ಕೂರಿಸಿಕೊಂಡಿದ್ದವರು ಕೆಮಿಸ್ಟ್ರಿ ಮೇಷ್ಟ್ರು. ಮನಸ್ಸಿನ ವಿಷಯಕ್ಕೂ ಕೆಮಿಸ್ಟ್ರಿಗೂ ಏನು ಸಂಬಂಧ ಅಂದರೆ... ಏನೂ ಇಲ್ಲ! ಶನಿವಾರ ಮಧ್ಯಾಹ್ನ ಬಿಡುವಿದ್ದವರು ಅವರೊಬ್ಬರೇ, ಅಷ್ಟೆ.

"ನನಗೂ ಹಾಗೇ ಆಯ್ತಪ್ಪ," ಅಂದರು ಮೇಷ್ಟ್ರು, ನಿಧಾನವಾಗಿ. ಅವರು ಮಾತಾಡುವುದೇ ಹಾಗೆ, ಒಂದೊಂದು ಪದವನ್ನೂ ಹನಿ ಹನಿಯಾಗಿ ಬಿಟ್ಟ ಹಾಗೆ. "ಇಯರ್‌ಫೋನ್ ಹಾಕ್ಕೊಂಡು ಕಣ್ಣು ಮುಚ್ಚಿದೆ. ತಕ್ಷಣ ನನ್ನ ಬ್ಯಾಗ್ ಎಲ್ಲಿ ಅಂತ ಹುಡುಕೋ ಹಾಗಾಯ್ತು. ಈಗ ಆಯಮ್ಮ ಯಾವುದೋ ರೈಲು ಪ್ಲಾಟ್‌ಫಾರ್ಮ್ ಬದಲಾಯಿಸಿದೆ ಅಂತ ಹೇಳ್ತಾರೇನೋ ಅಂತ..."

ಮತ್ತೆ ನಗು.

"ಬದಲಾಯಿಸಿಲ್ಲ! ಅದೇ ಪ್ಲಾಟ್‌ಫಾರ್ಮಿಗೇ ಬರುತ್ತೆ. ನೀವು ಕೂತ್ಕೊಂಡೇ ಇರಿ!"

ಹಿಂದಿನಿಂದ ಬಂದ ದನಿಗೆ ಲ್ಯಾಬ್ ಗಪ್‌ಚಿಪ್ ಆಯಿತು. ಇಡೀ ತಿಂಗಳು ಮಕ್ಕಳ ಕಿವಿಯೊಳಗೆ ಕೂತಿದ್ದ ದನಿ ಅದೇ. ಈಗ ಅದಕ್ಕೊಂದು ಮುಖವೂ ಇತ್ತು. ಸಿಂಕ್ ಪಕ್ಕದ ಕೊನೆಯ ಸ್ಟೂಲಿನಲ್ಲಿ ಇಷ್ಟು ಹೊತ್ತೂ ಸುಮ್ಮನೆ ಕೂತಿದ್ದವಳು ಎದ್ದು ನಿಂತಿದ್ದಳು, ಮೂಗಿನ ತುದಿ ಕೆಂಪಗೆ.

ಅವಳು ನಿಜವಾಗಿಯೂ ರೈಲ್ವೆ ನಿಲ್ದಾಣದ ಅನೌನ್ಸರ್. ನಿಲ್ದಾಣದಲ್ಲಿ ಅವಳ ದನಿ ಕೇಳಿ ಇಷ್ಟಪಟ್ಟ ಕಂಪನಿಯವರು ಆ್ಯಪ್‌ಗೂ ಮಾತಾಡಿಸಿದ್ದರು. "ಮಕ್ಕಳು ಏನಂತಾರೆ, ಸುಮ್ಮನೆ ಕೇಳಿಸ್ಕೊಂಡು ಬನ್ನಿ. ನೀವು ಯಾರು ಅಂತ ಹೇಳ್ಬೇಡಿ" ಅಂತ ಕಳಿಸಿದ್ದರು.

ಸುಮ್ಮನೆ ಇರುವುದು ಒಂದನ್ನು ಬಿಟ್ಟು ಬೇರೆ ಎಲ್ಲ ಕೆಲಸಕ್ಕೂ ಹುಟ್ಟಿದವಳು ಅವಳು!

"ಅಯ್ಯೋ... ಉಸಿರಕ್ಕ!" ಅಂದ ಬ್ಯಾಟರಿ.

ಎಲ್ಲ ತಲೆಗಳೂ ಅವಳ ಕಡೆ ತಿರುಗಿದವು. ಎರಡನೇ ಸಾಲಿನ ಒಂದು ತಲೆ ಮಾತ್ರ ತಿರುಗಲಿಲ್ಲ. ಎರಡು ಜಡೆಯ ಆ ಹುಡುಗಿ ಮೇಜಿನ ಮೇಲಿನ ಆಸಿಡ್ ಕಲೆಯನ್ನೇ ನೋಡುತ್ತಿದ್ದಳು. ಮನೆಯಲ್ಲೂ ಶಾಲೆಯಲ್ಲೂ ಅವಳು ಗುಬ್ಬಿ. ಅನೌನ್ಸರಳ ಒಡಹುಟ್ಟಿದ ತಂಗಿ.

'ನೋಡು, ನನ್ನ ಕಡೆ ನೋಡ್ಬೇಡ. ನೀನು ನನ್ನಕ್ಕ ಅಂತ ಅಲ್ಲಿ ಯಾರಿಗೂ ಹೇಳಲ್ಲ ಅಂತ ನನ್ನ ತಲೆ ಮುಟ್ಟಿ ಹೇಳು' ಅಂತ ಬೆಳಗ್ಗೆಯೇ ಆಣೆ ಮಾಡಿಸಿಕೊಂಡಿದ್ದಳು. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ. ಈಚೆಗೆ ಗುಬ್ಬಿ ಅಕ್ಕನ ಯಾವ ಪ್ರಶ್ನೆಗೂ 'ಹೂಂ', 'ಉಹೂಂ' ದಾಟಿ ಹೋಗುತ್ತಿರಲಿಲ್ಲ.

ಅಕ್ಕ ಮಾತು ಉಳಿಸಿಕೊಂಡಳು. ಗುಬ್ಬಿಯ ಕಡೆ ನೋಡಲಿಲ್ಲ. ಆ ಸಿಟ್ಟನ್ನೂ ಸೇರಿಸಿ ಮೇಷ್ಟ್ರ ಮೇಲೆ ಹಾಕಿದಳು.

ಮಕ್ಕಳು ಹೊರಗೆ ಹೋದ ಮೇಲೆ ಶುರುವಾಯಿತು.

"ನನ್ನ ಅನ್ನಕ್ಕೆ ದಾರಿ ಈ ದನಿ, ಗೊತ್ತಾ ಮೇಷ್ಟ್ರೇ? ಮಕ್ಕಳ ಮುಂದೆ ಅದನ್ನ ತಮಾಷೆ ಮಾಡಿದ್ರಿ!"

"ಕ್ಷಮಿಸಿ ಮೇಡಂ." ಅವರು ಯೋಚಿಸಿದರು. ಎಷ್ಟು ಹೊತ್ತು ಅಂದರೆ, ಅವಳು ಬ್ಯಾಗು ಹೆಗಲಿಗೇರಿಸಿ ಬಾಗಿಲ ತನಕ ಹೋಗಿಬಿಟ್ಟಿದ್ದಳು. "ದನಿಯಲ್ಲಿ ತಪ್ಪಿಲ್ಲ. ವಾಕ್ಯ ಮುಗೀತಾ ಇಲ್ಲ."

ಅವಳು ನಿಂತಳು. "ಅಂದ್ರೆ?"

"ಉಸಿರು ಬಿಡಿ ಅಂತೀರಲ್ಲ, ಕೊನೆಯಲ್ಲಿ ದನಿ ಇಳಿಯಲ್ಲ. ಮುಂದೆ ಇನ್ನೇನೋ ಇದೆ ಅನ್ನೋ ಹಾಗೆ ನೇರವಾಗಿ ನಿಲ್ಲುತ್ತೆ. ಅದಕ್ಕೇ ಹುಡುಗ ಉಸಿರು ಹಿಡ್ಕೊಂಡು ಕಾದಿದ್ದು."

ಅವಳು ಬ್ಯಾಗು ಕೆಳಗಿಟ್ಟಳು. ಇದು ನಿಜವಾಗಿತ್ತು!

ನಿಲ್ದಾಣದಲ್ಲಿ ಪೂರ್ತಿ ವಾಕ್ಯ ಅಂತ ಯಾವತ್ತೂ ಹೇಳಿಸುವುದಿಲ್ಲ. ಊರಿನ ಹೆಸರು ಒಂದು ತುಂಡು, ಗಾಡಿಯ ಸಂಖ್ಯೆ ಒಂದು ತುಂಡು, 'ತಡವಾಗಿ ಬರಲಿದೆ' ಒಂದು ತುಂಡು. ಎಲ್ಲ ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿಟ್ಟರೆ ಕಂಪ್ಯೂಟರ್ ಬೇಕಾದ ಹಾಗೆ ಪೋಣಿಸಿಕೊಳ್ಳುತ್ತದೆ. ಯಾವ ತುಂಡಿನ ಮುಂದೆ ಯಾವುದು ಬಂದೀತೋ ಗೊತ್ತಿಲ್ಲ, ಹಾಗಾಗಿ ಯಾವುದನ್ನೂ ಇಳಿಸುವ ಹಾಗಿಲ್ಲ. ವರ್ಷಗಟ್ಟಲೆ ಹಾಗೇ ಮಾತಾಡಿ, ವಾಕ್ಯ ಮುಗಿಸುವುದನ್ನೇ ಅವಳ ನಾಲಿಗೆ ಮರೆತಿತ್ತು.

'ಇಷ್ಟು ದಿನ ಯಾರೂ ಹೇಳ್ಲಿಲ್ವಲ್ಲ... ಈ ಜಡಭರತನಿಗೆ ಹೇಗೆ ಕೇಳಿಸ್ತು?'

"ಮತ್ತೆ ರೆಕಾರ್ಡ್ ಮಾಡ್ಬೇಕು," ಅಂದಳು, ಸಿಟ್ಟು ಅರ್ಧ ಇಳಿದು. "ಮಕ್ಕಳ ಹತ್ರಾನೇ ಕೇಳ್ಕೊಂಡು ಮಾಡ್ತೀನಿ. ಮುಂದಿನ ಶನಿವಾರ ಬರ್ಲಾ?"

"ಬನ್ನಿ. ಯಾವ ಪ್ಲಾಟ್‌ಫಾರ್ಮ್ ಅಂತ ಗೊತ್ತಲ್ಲ."

ಹೇಳಿದ ಮೇಲೆ ಅವರಿಗೇ ಹೆದರಿಕೆಯಾಯಿತು. ಅವಳು ನಕ್ಕುಬಿಟ್ಟಳು.

* * *

ಶನಿವಾರಗಳು ಹೀಗೆ ಶುರುವಾದವು.

ಮಕ್ಕಳು ಮೊದಮೊದಲು ಬಾಯಿ ಬಿಡಲಿಲ್ಲ. ಆಮೇಲೆ ಬಿಟ್ಟ ಬಾಯಿ ಮುಚ್ಚಲಿಲ್ಲ.

"ಈಗ ಹೇಗಿದ್ದೀಯ ಅಂತ ಮುಖಗಳು ಬರ್ತಾವಲ್ಲ ಅಕ್ಕ, ನಾನು ಯಾವಾಗ್ಲೂ ನಗೋ ಮುಖಾನೇ ಒತ್ತೋದು," ಅಂದಳು ದಪ್ಪ ಕನ್ನಡಕದ ಹುಡುಗಿ. "ಅಳೋ ಮುಖ ಒತ್ತಿದ್ರೆ ಮಾರುದ್ದ ಪ್ರಶ್ನೆ ಕೇಳುತ್ತೆ. ಮೊದಲೇ ಅಳು ಬಂದಿರುತ್ತೆ, ಅದರ ಮೇಲೆ ಇನ್ನೊಂದು ಪರೀಕ್ಷೆ ಬರೀಬೇಕಾ?"

"ನನ್ನದು ಆ್ಯಪ್‌ನೊಳಗಿನ ಗಿಡದ ಕಥೆ ಅಕ್ಕ," ಅಂದ ಎತ್ತರದ ಹುಡುಗ. "ದಿನಾ ತೆಗೆದು ನೋಡಿದ್ರೆ ಎಲೆ ಬಿಡುತ್ತೆ. ಯೂನಿಟ್ ಟೆಸ್ಟ್ ಅಂತ ನಾಲ್ಕು ದಿನ ತೆಗೀಲಿಲ್ಲ. ಒಣಗಿ ಹೋಯ್ತು! ಸಮಾಧಾನ ಮಾಡೋಕೆ ಇಟ್ಕೊಂಡಿದ್ದು ಅದನ್ನ. ಆಮೇಲೆ ಅದಕ್ಕೆ ನಾನು ಸಮಾಧಾನ ಹೇಳ್ಬೇಕಾಯ್ತು."

"ನಮ್ಮಮ್ಮ ಫೋನೇ ಕಿತ್ಕೊಂಡ್ರು," ಅಂದ ಬ್ಯಾಟರಿ. "'ಫೋನ್ ನೋಡಿ ನೋಡಿ ತಲೆ ಕೆಡಿಸ್ಕೊಂಡಿದ್ದೀಯ, ಅದನ್ನ ಸರಿ ಮಾಡೋಕೂ ಫೋನೇ ಬೇಕಾ' ಅಂದ್ರು. ಆಮೇಲೆ ಅವರೇ ಹಾಕ್ಕೊಂಡು ಕೂತ್ರು. ಗೊರಕೆ ಹೊಡೆದ್ರು ಅಕ್ಕ! ಒಲೆ ಮೇಲಿನ ಹಾಲು ಉಕ್ಕಿ ಹೋಯ್ತು."

"ನನಗೆ ನಿಜವಾಗ್ಲೂ ಕೆಲಸಕ್ಕೆ ಬಂತು," ಅಂತ ಮೂಲೆಯಿಂದ ಮೆಲ್ಲಗೆ ಹೇಳಿದಳು ಇನ್ನೊಬ್ಬಳು. "ಓರಲ್ ಟೆಸ್ಟಿಗೆ ಮುಂಚೆ ಬಾತ್‌ರೂಮಿಗೆ ಹೋಗಿ ಹಾಕ್ಕೊಂಡೆ. ಕೈ ನಡುಗೋದು ನಿಂತುಹೋಯ್ತು. ಉತ್ತರ ಗೊತ್ತಿರಲಿಲ್ಲ, ಅದು ಬೇರೆ ವಿಷ್ಯ. ಆದ್ರೆ ಗೊತ್ತಿಲ್ಲ ಅಂತ ನಡುಗದೆ ಹೇಳ್ದೆ!"

ಗುಬ್ಬಿ ಮಾತ್ರ ಏನೂ ಹೇಳುತ್ತಿರಲಿಲ್ಲ. ಬರುತ್ತಿದ್ದಳು, ಕೂರುತ್ತಿದ್ದಳು, ಹೋಗುತ್ತಿದ್ದಳು. ಅಕ್ಕನಿಗಿಂತ ಮುಂಚೆ ಮನೆ ಸೇರುತ್ತಿದ್ದಳು.

ಅವರಿಬ್ಬರ ಅಮ್ಮ ತೀರಿಕೊಂಡು ಕೆಲವು ವರ್ಷಗಳಾಗಿತ್ತು. ಅಪ್ಪ ದೂರದೂರಿಗೆ ಲಾರಿ ಓಡಿಸುವವರು. ಮನೆಯಲ್ಲಿ ಇದ್ದ ದಿನಕ್ಕಿಂತ ರಸ್ತೆಯಲ್ಲಿ ಇದ್ದ ದಿನವೇ ಹೆಚ್ಚು. ಹಾಗಾಗಿ ಅಮ್ಮ, ಅಪ್ಪ, ವಾರ್ಡನ್, ಅಡುಗೆಯವಳು ಎಲ್ಲ ಆಗಿದ್ದವಳು ಅಕ್ಕನೇ. ಗುಬ್ಬಿ ಒಂದು ದಡ ಸೇರುವ ತನಕ ತನ್ನ ಮದುವೆಯ ಮಾತೇ ಬೇಡ ಅಂತ ಸೋದರತ್ತೆಯ ಬಾಯಿಯನ್ನು ಎಷ್ಟು ಸಲ ಮುಚ್ಚಿಸಿದ್ದಳೋ!

ಆದರೆ ಮನಸ್ಸು ಅನ್ನುವುದು ಅತ್ತೆಯ ಬಾಯಿಯಲ್ಲವಲ್ಲ, ಮುಚ್ಚು ಅಂದರೆ ಮುಚ್ಚಲು...

ಮಕ್ಕಳು ಹೋದ ಮೇಲೆ ರೆಕಾರ್ಡಿಂಗ್. ಎರಡು ಸ್ಟೂಲು, ನಡುವೆ ಒಂದು ಮೈಕು. ಎಷ್ಟು ಸಲ ಹೇಳಿದರೂ ವಾಕ್ಯದ ಬಾಲ ಇಳಿಯದೆ ಅವಳು ತಲೆ ಚಚ್ಚಿಕೊಂಡಾಗ, ಮೇಷ್ಟ್ರೇ ಒಂದು ದಾರಿ ಹುಡುಕಿದ್ದರು.

"ನೀವು ಯಾರಿಗೆ ಹೇಳ್ತಿದ್ದೀರ?"

"ಯಾರಿಗೆ ಅಂದ್ರೆ? ಎಲ್ಲರಿಗೂ."

"ಎಲ್ಲರಿಗೂ ಹೇಳ್ಬೇಡಿ. ನನಗೆ ಹೇಳಿ. ನಾನು ಮಾಡಿದ್ಮೇಲೆ ಮುಂದಿಂದು ಹೇಳಿ."

ಅವಳು ಗಂಟಲು ಸರಿಮಾಡಿಕೊಂಡಳು. "ಭುಜ... ಸಡಿಲ ಬಿಡಿ."

ಎದುರಿಗೆ ಕೂತಿದ್ದ ಮನುಷ್ಯನ ಭುಜ ಇಳಿಯಿತು.

ಅವಳು ಬೆರಗಾದಳು. ಇಷ್ಟು ವರ್ಷ ಸಾವಿರಾರು ಜನರಿಗೆ ಹೇಳಿದ್ದಳು... ಗಾಜಿನ ಕೋಣೆಯೊಳಗೆ ಗೋಡೆ ನೋಡುತ್ತ. ಯಾರು ಕೇಳಿದರು, ಯಾರು ಓಡಿದರು, ಯಾರ ರೈಲು ತಪ್ಪಿತು, ಒಂದೂ ಗೊತ್ತಿಲ್ಲ. ತನ್ನ ಮಾತು ಹೋಗಿ ಒಬ್ಬ ಮನುಷ್ಯನ ಮೈಮೇಲೆ ಕೂತಿದ್ದನ್ನು ಅವಳು ಕಣ್ಣಾರೆ ನೋಡಿದ್ದು ಇದೇ ಮೊದಲು.

"ಉಸಿರು ಬಿಡಿ," ಅಂದಳು.

ದನಿ ಇಳಿಯಿತು. ತಾನಾಗಿಯೇ ಇಳಿಯಿತು.

"ಮುಗೀತು," ಅಂದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ.

'ಮುಗೀಲಿಲ್ಲ ಕಣಪ್ಪ... ಈಗ ಶುರುವಾಯ್ತು!' ಅಂದಿತು ಅವಳ ಎದೆ. ಛೆ, ಇದೇನಿದು, ಅಂತ ತನ್ನನ್ನೇ ಗದರಿಕೊಂಡು ಅವಳು ಮೈಕಿನ ವೈರು ಸುತ್ತತೊಡಗಿದಳು. ಮೂರು ಸಲ ತಪ್ಪಾಗಿ ಸುತ್ತಿದಳು.

ಆಮೇಲಿನ ಒಂದು ಶನಿವಾರ ಟೀ ಕುಡಿಯುವಾಗ ಅವರು ಕೇಳಿದರು. "ಮನೆಯಲ್ಲೂ ಹೀಗೇ ಮಾತಾಡ್ತೀರಾ ಮೇಡಂ?"

"ಮನೆಯಲ್ಲಾ? ಮನೆಯಲ್ಲಿ ನಾನು ಕುಕ್ಕರ್! ಸೀಟಿ ಹಾಕ್ತಾನೇ ಇರ್ತೀನಿ."

ಅವರು ನಗಲಿಲ್ಲ. "ಯಾರಿದ್ದಾರೆ ಮನೆಯಲ್ಲಿ?"

ಅವಳು ಲೋಟ ಕೆಳಗಿಟ್ಟಳು. ಗುಬ್ಬಿಯ ತಲೆ ಮುಟ್ಟಿ ಆಡಿದ ಮಾತು ನೆನಪಾಯಿತು. "ಅಪ್ಪ... ಒಬ್ಬ ತಂಗಿ. ಓದ್ತಿದ್ದಾಳೆ. ಬೇರೆ ಶಾಲೆ."

ಮೇಷ್ಟ್ರು ಅವಳನ್ನೇ ಒಂದು ಕ್ಷಣ ನೋಡಿ, ಟೀಗೆ ಬಾಯಿ ಹಚ್ಚಿದರು. "ತಂಗಿ ಜೊತೆ ಮಾತುಕತೆ ಚೆನ್ನಾಗಿದೆಯಾ?"

"ಇದ್ದೇ ಇರುತ್ತಲ್ಲ! ಒಡಹುಟ್ಟಿದವಳು."

ಎಷ್ಟು ಕಾಳಜಿಯಿಂದ ಕೇಳುತ್ತಾರೆ, ಅಂದುಕೊಂಡಳು ಅವಳು. ಆ ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತಾನೊಬ್ಬಳೇ ನಕ್ಕಳು. ಸುಳ್ಳು ಹೇಳಿದ್ದಕ್ಕೆ ಸ್ವಲ್ಪ ಚುಚ್ಚಿತು. ಹೋಗಲಿ, ಗುಬ್ಬಿಯನ್ನು ಒಪ್ಪಿಸಿ ಒಂದು ದಿನ ನಿಜ ಹೇಳಿದರಾಯಿತು...

* * *

ರೆಕಾರ್ಡಿಂಗ್ ಮುಗಿಯಬೇಕಾದ ಕೊನೆಯ ಶನಿವಾರ.

ಅವಳು ಇಸ್ತ್ರಿ ಮಾಡಿದ ನೀಲಿ ಕುರ್ತಾ ಹಾಕಿಕೊಂಡು ಬಂದಿದ್ದಳು. ಇವತ್ತು ಅವರು ಏನಾದರೂ ಹೇಳಿಯಾರು ಅನ್ನುವ ಆಸೆ. ಹೇಳದಿದ್ದರೆ ತಾನೇ ಹೇಳಿಬಿಡಲೇ ಅನ್ನುವ ಧೈರ್ಯವೂ ಬಸ್ಸಿಳಿಯುವ ತನಕ ಇತ್ತು.

ಮೆಟ್ಟಿಲ ಹತ್ತಿರ ಬ್ಯಾಟರಿ ಸಿಕ್ಕಿದ.

"ಅಕ್ಕ, ಗುಬ್ಬಿಗೆ ಜ್ವರಾನಾ? ಇವತ್ತು ಬಂದಿಲ್ಲ."

"ತಲೆನೋವು ಅಂತ ಮಲಗಿದ್ದಾ..." ನಾಲಿಗೆ ಕಚ್ಚಿಕೊಂಡಳು. "ನನಗೇನು ಗೊತ್ತು? ಯಾರ್ ಗುಬ್ಬಿ?"

ಬ್ಯಾಟರಿ ಹಲ್ಲು ಬಿಟ್ಟ. "ಬಿಡಿ ಅಕ್ಕ! ಇಬ್ರದೂ ಒಂದೇ ಮೂಗು. ನನಗೆ ಯಾವತ್ತೋ ಗೊತ್ತಾಯ್ತು. ಸರ್‌ಗೂ ಗೊತ್ತಲ್ಲ."

"ಏನು?"

"ಸರ್‌ಗೆ ಗೊತ್ತು. ಅವತ್ತು ನೀವು ಬರೋಕೆ ಮುಂಚೆ ಗುಬ್ಬಿ ಲ್ಯಾಬಲ್ಲಿ ಅಳ್ತಾ ಸರ್ ಹತ್ರ ಎಲ್ಲ ಹೇಳ್ತಿದ್ಲು. ನಾನು ಬಾಗಿಲಲ್ಲಿದ್ದೆ. 'ಉಸಿರಕ್ಕ ನನ್ನ ಸ್ವಂತ ಅಕ್ಕ ಸರ್' ಅಂದಿದ್ದಷ್ಟೇ ಕೇಳಿಸ್ತು. ಆಮೇಲೆ ಸರ್ ನನ್ನ ಓಡಿಸಿದ್ರು. ಆಗ್ಲೇ ಮೂರು ವಾರ ಆಯ್ತು ಅನ್ಸುತ್ತೆ..."

ಮೂರು ವಾರ!

ಟೀ ಕುಡಿದ ಶನಿವಾರ ಅವಳ ಕಣ್ಣ ಮುಂದೆ ಬಂತು. 'ಯಾರಿದ್ದಾರೆ ಮನೆಯಲ್ಲಿ?' 'ತಂಗಿ ಜೊತೆ ಮಾತುಕತೆ ಚೆನ್ನಾಗಿದೆಯಾ?' ಎಲ್ಲ ಗೊತ್ತಿದ್ದೇ ಕೇಳಿದ್ದರು! ಅವಳು ಕಾಳಜಿ ಅಂದುಕೊಂಡಿದ್ದು ತಪಾಸಣೆಯಾಗಿತ್ತು!

ಲ್ಯಾಬಿನಲ್ಲಿ ಮೇಷ್ಟ್ರು ಎರಡು ಸ್ಟೂಲು ಎದುರುಬದುರು ಇಟ್ಟು ಕಾಯುತ್ತಿದ್ದರು. ಅವಳು ಕೂರಲಿಲ್ಲ.

"ಗುಬ್ಬಿ ನನ್ನ ತಂಗಿ ಅಂತ ನಿಮಗೆ ಗೊತ್ತಿತ್ತಾ?"

ಅವರ ಮುಖದ ಬಣ್ಣ ಇಳಿಯಿತು. "...ಗೊತ್ತಿತ್ತು."

"ನನ್ನ ಬಗ್ಗೆ ಏನು ಹೇಳಿದ್ಲು ಅವಳು?"

"ಅದನ್ನ ನಾನು ಹೇಳೋ ಹಾಗಿಲ್ಲ ಮೇಡಂ."

"ಅಕ್ಕ ನಾನು! ತಾಯಿ ಜಾಗದಲ್ಲಿ ಇದ್ದೀನಿ. ಮನೆಯಲ್ಲಿ ಬಾಯಿ ಬಿಡದೋಳು ನಿಮ್ಮ ಹತ್ರ ಬಂದು ಅಳ್ತಾಳೆ, ನೀವು ನನ್ನೆದುರು ಕೂತು ಟೀ ಕುಡೀತೀರಾ?"

"ಅವಳಿಗೆ ಮಾತು ಕೊಟ್ಟಿದ್ದೀನಿ."

"ಹಾಗಾದ್ರೆ ಒಂದು ಹೇಳಿ." ಅವಳು ಎದುರಿನ ಸ್ಟೂಲನ್ನು ಪಕ್ಕಕ್ಕೆ ತಳ್ಳಿದಳು. "ಇಷ್ಟು ಶನಿವಾರ ನೀವು ಇಲ್ಲಿ ಕೂತಿದ್ದು ನನ್ನನ್ನ ನೋಡೋಕೋ... ಗುಬ್ಬಿಯ ಅಕ್ಕನನ್ನ ರಿಪೇರಿ ಮಾಡೋಕೋ?"

ಮೇಷ್ಟ್ರು ಬಾಯಿ ತೆರೆದರು. ಪದ ಹುಡುಕಿದರು. ಆ ಮನುಷ್ಯನಿಗೆ ಒಂದು ವಾಕ್ಯ ಕಟ್ಟಲು ಎಷ್ಟು ಹೊತ್ತು ಬೇಕು ಅಂತ ಅವಳಿಗೆ ಗೊತ್ತಿತ್ತು. ಬೇರೆ ದಿನವಾಗಿದ್ದರೆ ಕಾಯುತ್ತಿದ್ದಳು.

ಇವತ್ತು ಕಾಯಲಿಲ್ಲ.

"ಬೇಡ ಬಿಡಿ. ಉತ್ತರ ಸಿಕ್ತು."

ಗೇಟು ದಾಟಿದ ಮೇಲೆ ಅವಳು ಅತ್ತಳು. ಬಸ್ ಸ್ಟಾಪಿನಲ್ಲಿ ಪಕ್ಕದವರು ಏನಾಯ್ತು ಅಂತ ಕೇಳಿದಾಗ ಧೂಳು ಅಂದಳು.

* * *

ಸಂಜೆ ಗುಬ್ಬಿ ಎದ್ದು ಕೂತಿದ್ದಳು. ಅಕ್ಕ ಮೇಜಿನ ಮೇಲೆ ಕಂಬಳಿ ಹಾಸಿ ಅವಳ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದಳು. ಬಯ್ಯಬಾರದು ಅಂತ ದಾರಿಯುದ್ದಕ್ಕೂ ಪಾಠ ಹೇಳಿಕೊಂಡು ಬಂದಿದ್ದಳು.

"ಗುಬ್ಬಿ, ನಿನ್ನ ಮನಸ್ಸಿನಲ್ಲಿ ಏನಿದ್ದರೂ ನಿಧಾನವಾಗಿ ಹೇಳು. ನಾನು ಕೇಳಿಸಿಕೊಳ್ಳುತ್ತೇನೆ," ಅಂದಳು, ಮೆತ್ತಗೆ, ಒಂದೊಂದು ಅಕ್ಷರಕ್ಕೂ ಜಾಗ ಕೊಟ್ಟು.

ಗುಬ್ಬಿ ಎರಡೂ ಕಿವಿ ಮುಚ್ಚಿಕೊಂಡಳು.

"ಅಕ್ಕಾ, ಪ್ಲೀಸ್! ಆ ದನಿ ಬೇಡ! ಬೈದ್ರೂ ಪರವಾಗಿಲ್ಲ ಕಣೆ, ನಿನ್ನ ದನೀಲೇ ಬೈ!"

ಇಸ್ತ್ರಿ ಪೆಟ್ಟಿಗೆ ಗಾಳಿಯಲ್ಲೇ ನಿಂತಿತು.

"ಸರ್ ಹೇಳಿದ್ರಾ ನಿನಗೆ?" ಗುಬ್ಬಿಯ ಕಣ್ಣಲ್ಲಿ ಭಯ.

"ಇಲ್ಲ. ಬ್ಯಾಟರಿ ಬಾಯಿಬಿಟ್ಟ. ನೀನು ನನ್ನ ತಂಗಿ ಅನ್ನೋದು ಸರ್‌ಗೆ ಗೊತ್ತು ಅಂತ, ಅಷ್ಟೆ."

"ಮಿಕ್ಕಿದ್ದು? ಸರ್ ಏನೂ ಹೇಳ್ಲಿಲ್ವಾ?"

"ಕೇಳ್ದೆ. ಜಗಳಾನೇ ಆಡ್ದೆ. ಬಾಯಿ ಬಿಡ್ಲಿಲ್ಲ ಪುಣ್ಯಾತ್ಮ."

"ನಿಜವಾಗ್ಲೂ ಹೇಳ್ಲಿಲ್ವಾ?" ಅಂದಳು ಗುಬ್ಬಿ ಮತ್ತೆ. ಅಷ್ಟರಲ್ಲಿ ಅವಳ ತುಟಿ ಸೊಟ್ಟಗಾಯಿತು, ಅಳು ಒತ್ತರಿಸಿ ಬಂತು. ಅಕ್ಕ ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತು ಪಕ್ಕದಲ್ಲಿ ಕೂತಳು.

"ನಾನು ನಿನಗೆ ಒಂದ್ಸಲ ಹೇಳಿದ್ದೆ ಅಕ್ಕ, ನೆನಪಿದೆಯಾ? ಲೆಕ್ಕದ ಪೇಪರ್ ಮುಂದೆ ಎದೆ ಡವಡವ ಅನ್ನುತ್ತೆ, ಕೈ ತಣ್ಣಗಾಗುತ್ತೆ ಅಂತ."

"ಹೂಂ. ಅದಕ್ಕೇ ತಾನೇ ನಾನು..."

"ಅದಕ್ಕೇ ನೀನು ಅತ್ತೆಗೆ ಫೋನ್ ಮಾಡ್ದೆ. ಪಕ್ಕದ ಮನೆ ಆಂಟಿಗೆ ಹೇಳ್ದೆ. ಟ್ಯೂಷನ್ ಮಿಸ್‌ಗೆ ಹೇಳ್ದೆ. ಅಪ್ಪ ಲಾರಿ ನಿಲ್ಲಿಸಿ ದಾರೀಲಿ ಫೋನ್ ಮಾಡಿ ಧೈರ್ಯ ಹೇಳಿದ್ರು. ಸಂಜೆ ಹೊತ್ತಿಗೆ ಬೀದಿಗೆಲ್ಲ ಗೊತ್ತಿತ್ತು, ಗುಬ್ಬಿಗೆ ಹೆದರಿಕೆ ಅಂತೆ ಅಂತ." ಗುಬ್ಬಿ ಮೂಗು ಒರೆಸಿಕೊಂಡಳು. "ನೀನು ಅನೌನ್ಸ್ ಮಾಡ್ಬಿಟ್ಟೆ ಅಕ್ಕ."

ಅಕ್ಕ ತನ್ನ ದುಪಟ್ಟಾದಿಂದ ಅವಳ ಮುಖ ಒರೆಸಿದಳು. ಒಳ್ಳೆಯದಾಗಲಿ ಅಂತ ಮಾಡಿದ್ದು. ಯಾರಿಗೆ ಏನು ಮದ್ದು ಗೊತ್ತೋ ಅಂತ ಕಂಡವರನ್ನೆಲ್ಲ ಕೇಳಿದ್ದಳು. ಅದು ಗುಬ್ಬಿಯ ಕಿವಿಗೆ ಹೇಗೆ ಕೇಳಿಸಿತು ಅಂತ ಮಾತ್ರ ಯೋಚಿಸಿರಲಿಲ್ಲ...

"ಆಮೇಲೆ ಶಾಲೇಲಿ ಈ ಆ್ಯಪ್ ಕೊಟ್ರು. ಫೋನಿಗೆ ಹೇಳಿದ್ರೆ ಅದು ಯಾರಿಗೂ ಹೋಗಿ ಹೇಳಲ್ವಲ್ಲ ಅಂತ ಎಷ್ಟು ಖುಷಿಯಾಯ್ತು ಗೊತ್ತಾ? ಮುಸುಕು ಹಾಕ್ಕೊಂಡು, ಇಯರ್‌ಫೋನ್ ಇಟ್ಕೊಂಡು ಶುರು ಮಾಡ್ದೆ." ಅಳುವಿನ ನಡುವೆಯೇ ಗುಬ್ಬಿಗೆ ನಗು ಬಂತು. "ಅಲ್ಲೂ ನೀನೇ!"

ಅಕ್ಕನಿಗೂ ನಗು ಬಂತು, ಕಣ್ಣೀರಿನ ಸಮೇತ. "ಅಯ್ಯೋ ನನ್ನ ಕರ್ಮವೇ..."

"ಅದಕ್ಕೇ ದನಿ ಆಫ್ ಮಾಡಿ, ಆ ವೃತ್ತ ದೊಡ್ಡದಾಗಿ ಚಿಕ್ಕದಾಗುತ್ತಲ್ಲ, ಅದನ್ನಷ್ಟೇ ನೋಡ್ತೀನಿ. ಅದರಿಂದ ಎದೆ ಬಡಿತ ಕಮ್ಮಿ ಆಗುತ್ತೆ, ಸುಳ್ಳಲ್ಲ. ಆದ್ರೆ ಯಾರಿಗಾದ್ರೂ ಒಬ್ರಿಗೆ ಹೇಳ್ಬೇಕಿತ್ತು ಅಕ್ಕ. ಮನುಷ್ಯರಿಗೆ. ಹೇಳಿದ್ದು ಅಲ್ಲೇ ಉಳಿಯುತ್ತಾ ಅಂತ ನೋಡ್ಬೇಕಿತ್ತು. ಸರ್‌ಗೆ ಹೇಳ್ದೆ. ನಿಮ್ಮಕ್ಕನಿಗೆ ನೀನೇ ಹೇಳು ಅಂತ ಎಷ್ಟೋ ಸಲ ಅಂದ್ರು. ತಾವು ಮಾತ್ರ ಹೇಳ್ಲಿಲ್ಲ."

ಅಕ್ಕ ತಂಗಿಯನ್ನು ಮಡಿಲಿಗೆ ಎಳೆದುಕೊಂಡು ಜಡೆ ಸವರಿದಳು.

ಅವಳ ತಲೆಯೊಳಗೆ ಮೇಷ್ಟ್ರ ಮುಖ ಇತ್ತು. ಗುಬ್ಬಿ ಹೇಳಿದ್ದರಲ್ಲಿ ಒಂದೇ ಒಂದು ಮಾತು ಹೇಳಿದ್ದರೆ ಅವರು ತಮ್ಮನ್ನು ಉಳಿಸಿಕೊಳ್ಳಬಹುದಿತ್ತು. ಎದುರಿಗೆ ತಾನು ಬಾಯಿಗೆ ಬಂದ ಹಾಗೆ ಕೂಗಾಡುತ್ತಿದ್ದರೂ ಒಂದು ಪುಟ್ಟ ಹುಡುಗಿಗೆ ಕೊಟ್ಟ ಮಾತನ್ನು ಹಿಡಿದು ನಿಂತಿದ್ದರು. ಅವರ ಬಾಯಿ ಹಗುರವಾಗಿದ್ದಿದ್ದರೆ, ಇವತ್ತು ಈ ಮಗು ತನ್ನ ಮಡಿಲಲ್ಲಿ ಅಳುತ್ತಿರಲಿಲ್ಲ.

ಮತ್ತೆ ತಾನು? 'ಬೇರೆ ಶಾಲೆ' ಅಂತ ಅವರ ಮುಖಕ್ಕೇ ಸುಳ್ಳು ಹೇಳಿದ್ದಳು. ಸುಳ್ಳು ಅಂತ ಗೊತ್ತಿದ್ದೂ ಅವರು ಟೀ ಕುಡಿದಿದ್ದರು!

"ಅಕ್ಕ, ಇದನ್ನ ಅತ್ತೆಗೆ..."

"ಅತ್ತೆಗೂ ಇಲ್ಲ, ಅಪ್ಪಂಗೂ ಇಲ್ಲ. ನೀನು ಹೇಳು ಅನ್ನೋ ತನಕ ಯಾರಿಗೂ ಇಲ್ಲ." ತಡೆದು ಸೇರಿಸಿದಳು. "ಆದ್ರೆ ಎದೆಬಡಿತ ಜಾಸ್ತಿ ಆದ್ರೆ ಡಾಕ್ಟರ್ ಹತ್ರ ಹೋಗೋದು. ನಾವಿಬ್ರೇ. ಒಪ್ಪಿಗೆನಾ?"

"ಒಪ್ಪಿಗೆ." ಗುಬ್ಬಿ ತಲೆಯೆತ್ತಿ ನೋಡಿದಳು. "ನೀನು ಸರ್ ಹತ್ರ ಯಾಕೆ ಜಗಳ ಆಡ್ದೆ?"

"ನಿನ್ನ ವಿಷ್ಯಕ್ಕೆ."

"ಬರೀ ನನ್ನ ವಿಷ್ಯಕ್ಕಾ?"

"ಸುಮ್ನೆ ಮುಖ ತೊಳ್ಕೊಂಡು ಬಾ!"

ಅದು ಅವಳ ಸ್ವಂತ ದನಿಯೇ ಆಗಿತ್ತು. ಗುಬ್ಬಿ ನಗುತ್ತ ಎದ್ದಳು.

* * *

ಪ್ರಾಕ್ಟಿಕಲ್ ಪರೀಕ್ಷೆಗೆ ಲ್ಯಾಬ್ ಸಜ್ಜಾಗುತ್ತಿತ್ತು. ಮೇಷ್ಟ್ರು ಬಿಳಿ ಕೋಟಿನ ತೋಳು ಮಡಚಿ, ಸಿಂಕಿನ ಮುಂದೆ ನಿಂತು ಟೆಸ್ಟ್ ಟ್ಯೂಬು ತೊಳೆಯುತ್ತಿದ್ದರು. ಬ್ಯಾಟರಿ ಮತ್ತು ಕನ್ನಡಕದ ಹುಡುಗಿ ಒರೆಸಿ ಜೋಡಿಸುತ್ತಿದ್ದರು.

ಅವಳು ಬಾಗಿಲಲ್ಲಿ ನಿಂತಳು. ಬಸ್ಸಿನಲ್ಲಿ ಚೆಂದವಾಗಿ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಕೈಕೊಟ್ಟವು.

"ಮೇಷ್ಟ್ರೇ... ನಾನು ಅವತ್ತು... ಅದು ತಪ್ಪು. ಅಂದ್ರೆ ನೀವಲ್ಲ, ನಾನು. ಗುಬ್ಬಿ ಎಲ್ಲ ಹೇಳಿದ್ಲು. ಅವಳೇ ಹೇಳಿದ್ಲು, ನಾನು ಕೆದಕಲಿಲ್ಲ. ನೀವು ಹೇಳದೆ ಇದ್ದಿದ್ದಕ್ಕೇ ಅವಳು ಹೇಳಿದ್ದು. ನಾನೂ ಸುಳ್ಳು ಹೇಳಿದ್ದೆ, ಬೇರೆ ಶಾಲೆ ಅಂತ. ಅದು ನಿಮಗೆ ಗೊತ್ತಿತ್ತು... ಅಯ್ಯೋ, ಏನು ಹೇಳ್ತಿದ್ದೀನಿ ನಾನು!"

"ಉಸಿರು ಬಿಡಿ ಅಕ್ಕ," ಅಂದ ಬ್ಯಾಟರಿ.

"ಏಯ್, ನೀನು ಬಾಯ್ಮುಚ್ಕೊಂಡು ಟ್ಯೂಬ್ ಒರೆಸೋ!" ಅಂದಳು ಕನ್ನಡಕದ ಹುಡುಗಿ.

ಮೇಷ್ಟ್ರು ನಲ್ಲಿ ನಿಲ್ಲಿಸಿದರು. "ಗುಬ್ಬಿ ಹೇಗಿದ್ದಾಳೆ?"

"ನಿನ್ನೆ ಲೆಕ್ಕದ ಟೆಸ್ಟಿತ್ತು. ಕೈ ತಣ್ಣಗಾಯ್ತಂತೆ. ಒಳಗೆ ಹೋಗೋ ಮುಂಚೆ ಆ ವೃತ್ತ ನೋಡ್ಕೊಂಡು ಕೂತು, ಆಮೇಲೆ ಬರೆದ್ಲಂತೆ. ಮನೆಗೆ ಬಂದು ತಾನಾಗೇ ಹೇಳಿದ್ಲು. ನಾನು ಎಷ್ಟು ಮಾರ್ಕ್ಸ್ ಬರುತ್ತೆ ಅಂತ ಕೇಳ್ಲಿಲ್ಲ... ಕೇಳೋಕೆ ಬಾಯಿಗೆ ಬಂದಿತ್ತು, ನುಂಗಿದೆ." ಅವಳು ಒಂದು ಹೆಜ್ಜೆ ಒಳಗೆ ಬಂದಳು. "ಕಂಪನಿಗೂ ಹೇಳ್ದೆ. ಆ್ಯಪ್ ತೆಗೆದ ತಕ್ಷಣ ಮೊದಲು ಕಾಣೋದು 'ದನಿ ಬೇಡ' ಅನ್ನೋ ಬಟನ್ ಆಗಿರ್ಲಿ ಅಂತ. ನನ್ನ ದನಿ ಬೇಕಾದೋರು ಹುಡುಕ್ಕೊಂಡು ಬರ್ಲಿ."

"ನಾನು ಹುಡುಕ್ಕೊಂಡೇ ಬರ್ತೀನಿ," ಅಂದುಬಿಟ್ಟರು ಮೇಷ್ಟ್ರು.

ಅಷ್ಟು ಬೇಗ ಅವರು ಮಾತಾಡಿದ್ದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಅವರ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಟ್ಯೂಬನ್ನು ಮೆಲ್ಲಗೆ ಕೆಳಗಿಟ್ಟರು.

"ಅವತ್ತು ನೀವು ಒಂದು ಪ್ರಶ್ನೆ ಕೇಳಿದ್ರಿ. ನಿಮ್ಮನ್ನ ನೋಡೋಕೋ, ಗುಬ್ಬಿಯ ಅಕ್ಕನನ್ನ ರಿಪೇರಿ ಮಾಡೋಕೋ ಅಂತ."

ಅವಳು ಈ ಸಲ ಕಾದಳು. ಎಷ್ಟು ಹೊತ್ತಾದರೂ ಆಗಲಿ ಅಂತ ಕಾದಳು.

"ಗುಬ್ಬಿ ನನಗೆ ಹೇಳಿದ್ದು ಮೂರನೇ ಶನಿವಾರ," ಅಂದರು ಅವರು. "ನಾನು ಶನಿವಾರ ಶೇವ್ ಮಾಡ್ಕೊಂಡು ಬರೋಕೆ ಶುರು ಮಾಡಿದ್ದು... ಎರಡನೇ ಶನಿವಾರ."

"ನಿಜ ಅಕ್ಕ!" ಬ್ಯಾಟರಿಗೆ ತಡೆಯಲಾಗಲಿಲ್ಲ. "ನಾವೆಲ್ಲ ಮಾತಾಡ್ಕೊಂಡಿದ್ವಿ. ಇಡೀ ವಾರ ಮುಳ್ಳುಹಂದಿ, ಶನಿವಾರ ಮಾತ್ರ ಮದುವೆ ಗಂಡು!"

"ಹೊರಗೆ ನಡೀರಿ ಇಬ್ರೂ!" ಅಂದರು ಮೇಷ್ಟ್ರು. ಇಬ್ಬರೂ ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಓಡಿದರು.

ಲ್ಯಾಬಿನಲ್ಲಿ ನೀರು ತೊಟ್ಟಿಕ್ಕುವ ಸದ್ದು ಮಾತ್ರ ಉಳಿಯಿತು.

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡರ ಬದಲು ಗೂಟದಲ್ಲಿದ್ದ ಇನ್ನೊಂದು ಬಿಳಿ ಕೋಟು ತೆಗೆದು ಹಾಕಿಕೊಂಡಳು. ತೋಳು ಬೆರಳುಗಳನ್ನೂ ದಾಟಿ ಜೋತಾಡಿತು. ಅವರು ಏನೂ ಹೇಳದೆ ಮುಂದೆ ಬಂದು, ಒದ್ದೆ ಕೈಯಲ್ಲೇ ಆ ತೋಳನ್ನು ಮಡಚಿದರು. ಒಂದು ಮಡಿಕೆ, ಇನ್ನೊಂದು. ಅವಳ ಮಣಿಕಟ್ಟಿಗೆ ಸೋಪಿನ ನೀರು ತಾಗಿತು.

"ಗುಬ್ಬಿ ಓದು ಮುಗಿಯೋ ತನಕ ನಾನು ಎಲ್ಲಿಗೂ ಬರೋ ಹಾಗಿಲ್ಲ," ಅಂದಳು ಮೆಲ್ಲಗೆ. "ತುಂಬ ದಿನ ಆಗ್ಬಹುದು."

"ನನಗೇನೂ ಅವಸರ ಇಲ್ಲ. ನನ್ನ ಮಾತು ಕೇಳಿದ್ರೆ ಗೊತ್ತಾಗಲ್ವಾ?"

ಅವಳು ನಕ್ಕಳು. "ಎಲ್ಲರಿಗೂ ಗೊತ್ತಾಗುತ್ತೆ ಈಗ. ಆ ಹುಡುಗ ಗೇಟ್ ದಾಟೋದ್ರೊಳಗೆ..."

"ಗೊತ್ತಾಗ್ಲಿ. ನೀವು ಯಾರಿಗೂ ಹೇಳ್ಲಿಲ್ವಲ್ಲ, ಅಷ್ಟು ಸಾಕು."

"ನಾನು ಹೇಳೋದು ಒಬ್ರಿಗೇ," ಅಂದಳು ಅವಳು. "ಅದೂ... ಎದುರಿಗೆ ಕೂತ್ರೆ."

ಅವರು ಕಾಲಿನಿಂದಲೇ ಒಂದು ಸ್ಟೂಲು ಎಳೆದು, ಅದರ ಮೇಲೆ ಕೂತರು.

ಅವಳು ಹೇಳಿದಳು. ಏನು ಹೇಳಿದಳು ಅಂತ ನಾವು ಇಲ್ಲಿ ಬರೆಯುವುದಿಲ್ಲ. ಅದು ಅಲ್ಲೇ ಉಳಿಯಲಿ.

ಆಮೇಲೆ ಇಬ್ಬರೂ ಉಳಿದ ಟ್ಯೂಬುಗಳನ್ನು ತೊಳೆದರು. ಶಾಲೆಯ ಹಳೇ ಅಟೆಂಡರು ಕೆಮ್ಮುತ್ತ ಒಳಗೆ ಬಂದ. ಗ್ಯಾಸಿನ ಮುಖ್ಯ ನಲ್ಲಿ ತಿರುಗಿಸಿ ನೋಡಿದ, ಕಿಟಕಿಗಳನ್ನು ಒಂದೊಂದಾಗಿ ಹಾಕಿದ. ದಿನಾ ಹೋಗುವಾಗ ಲ್ಯಾಬಿನ ಬೀಗದ ಕೈಯನ್ನು ಮೇಷ್ಟ್ರ ಮೇಜಿನ ಮೇಲಿಟ್ಟು ಹೋಗುವವನು, ಇವತ್ತು ಬಿಳಿ ಕೋಟಿನ ಇಬ್ಬರನ್ನೂ ಒಮ್ಮೆ ನೋಡಿ, ಅದನ್ನು ಅವಳ ಕೈಯಲ್ಲಿಟ್ಟು ಹೋದ.